ದೋಷವೇ ಇಲ್ಲದ ಕಾರಿನ ಮೇಲೊಂದು ದೂರು

ಹಳೆಯ ಕಾರುಗಳ ಮಾರಾಟಕ್ಕೆ ಪರವಾನಗಿ ಕೊಡುವ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಪರವಾನಗಿ ಪಡೆದ ಮಳಿಗೆಯಲ್ಲಿ ನಾನು ಕೊಂಡ ಕಾರಿನಲ್ಲಿ ಒಂದೇ ಒಂದು ದೋಷವೂ ಇಲ್ಲ. ನನ್ನ ದೂರು ಅದೇ. ಎಂಜಿನ್ನಿನಲ್ಲೋ ಬ್ರೇಕಿನಲ್ಲೋ ಸಣ್ಣದೊಂದು ಕೊರತೆ ಇದ್ದಿದ್ದರೂ ನಿಮ್ಮ ನಿಯಮದಂತೆ ಅದನ್ನು ಹಿಂದಿರುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ನೀವು ಕಳಿಸಿದ ತಪಾಸಣಾಧಿಕಾರಿ ಕಾರಿನಡಿ ಮಲಗಿ, ಎದ್ದು, ಕೈ ಒರೆಸಿಕೊಂಡು, ಇಂಥ ಕಾರು ಸಿಗುವುದು ಅಪರೂಪ ಎಂದು ನನ್ನನ್ನು ಅಭಿನಂದಿಸಿ ಹೋದರು. ಅದರ ಹಿಂದಿನ ಮಾಲೀಕ ನನ್ನ ಷಡ್ಡಕ ಎಂದು ನಾನು ಬಾಯಿಬಿಟ್ಟು ಹೇಳಿದಾಗ, ಅದು ದೋಷಗಳ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಯಾಕೆ ಬರುವುದಿಲ್ಲ ಸ್ವಾಮಿ? ಆ ನಿಯಮ ಮಾಡಿದ ಮಹಾನುಭಾವರಿಗೆ ಷಡ್ಡಕರೇ ಇರಲಿಲ್ಲವೆ?

ಮೊದಲ ಸಲ ನಿಮ್ಮ ಭಾಷೆಯಲ್ಲಿಯೇ ಬರೆದಿದ್ದೆ. ಈ ನಂಟಿಗೆ ನಿಮ್ಮಲ್ಲಿ ಪದವೇ ಇಲ್ಲದ್ದರಿಂದ 'ಹೆಂಡತಿಯ ಅಕ್ಕನ ಗಂಡ' ಎಂದು ವಿವರಿಸಿದೆ. ನಿಮ್ಮ ಗುಮಾಸ್ತರು ಅದನ್ನು 'ದೂರದ ಸಂಬಂಧಿ' ಎಂದು ಬರೆದುಕೊಂಡರು. ಎಲ್ಲಿಯ ದೂರ? ನಮ್ಮ ಮನೆಯಿಂದ ಎರಡು ಬಸ್ ನಿಲ್ದಾಣದಾಚೆ ಇದ್ದಾರೆ. ಹೊಟ್ಟೆಕಿಚ್ಚನ್ನು ಪರಭಾಷೆಯಲ್ಲಿ ಬರೆಯಲು ನನಗೆ ಬಾರದು ಎಂಬುದು ಆಗಲೇ ಗೊತ್ತಾಯಿತು. ಆದ್ದರಿಂದ ಈ ಸಲ ಕನ್ನಡದಲ್ಲಿ, ಬಹಿರಂಗ ಪತ್ರವಾಗಿ, ನಾಲ್ಕು ಜನರೆದುರು ಬರೆಯುತ್ತಿದ್ದೇನೆ. ಓದಿ ಹೇಳುವವರು ಯಾರಾದರೂ ನಿಮಗೆ ಸಿಕ್ಕಾರು.

ನಾನು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಷಡ್ಡಕ ಆಸ್ಪತ್ರೆಯೊಂದರ ಔಷಧಿ ವಿಭಾಗದ ಮುಖ್ಯಸ್ಥರು. ಈ ದೇಶಕ್ಕೆ ನಮಗಿಂತ ಮೊದಲು ಬಂದವರು ಅವರು. ನಮಗೆ ಬಾಡಿಗೆ ಮನೆ ಹುಡುಕಿಕೊಟ್ಟವರು ಅವರು, ಮಗಳನ್ನು ಶಾಲೆಗೆ ಸೇರಿಸಿದವರು ಅವರು, ನನ್ನ ಕೆಲಸಕ್ಕೆ ಮಾತಾಡಿದವರೂ ಅವರೇ. ಚಳಿಗಾಲದ ಬೂಟು ಕೊಳ್ಳಲು ಹೋದರೂ ಜೊತೆಗೆ ಬಂದು ಹೆಬ್ಬೆರಳು ಒತ್ತಿ ನೋಡಿ, "ಇನ್ನೊಂದು ಸೈಜು ದೊಡ್ಡದು ತಗೊಳ್ಳಿ" ಎನ್ನುತ್ತಿದ್ದರು. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಒಳ್ಳೆಯವರು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂಬುದು ನಿಮ್ಮಂಥ ಅಧಿಕಾರಸ್ಥರಿಗೆ ತಿಳಿಯಲಾರದು.

ಅವರ ಬಳಿ ಬೂದು ಬಣ್ಣದ ಕಾರೊಂದಿತ್ತು. ಹೊರಗೆ ಹೋದಾಗೆಲ್ಲ ಅದರ ಹಿಂದಿನ ಸೀಟಿನಲ್ಲಿ, ಇಬ್ಬರು ಮಕ್ಕಳ ನಡುವೆ, ಮೊಣಕಾಲು ಮಡಚಿಕೊಂಡು ಕೂತವನು ನಾನು. ಅಲ್ಲಿಂದ ಕಾಣುತ್ತಿದ್ದದ್ದು ಅವರ ಬೋಳು ನೆತ್ತಿ ಮಾತ್ರ. ಆ ಕಾರಿನ ಮೇಲೆ ನನ್ನ ಕಣ್ಣು ಬಿದ್ದಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವರು ಅದನ್ನು ಮಾರಿ ಹೊಸದು ತಂದಾಗ, ಹಳೆಯದನ್ನು ಎಲ್ಲಿ ಕೊಟ್ಟಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೊಸದರ ಗುಣಗಾನವನ್ನೂ ಕೇಳಬೇಕಾಗುತ್ತಿತ್ತು.

ಈ ದೇಶದಲ್ಲಿ ಒಂದಾದರೂ ವಸ್ತು ಅವರ ಕೈ ಸೋಕದೆ ನನ್ನದಾಗಬೇಕು ಎಂಬ ಹಟದಿಂದ, ಯಾರಿಗೂ ಹೇಳದೆ ಒಬ್ಬನೇ ಮಳಿಗೆಗೆ ಹೋದೆ. ಅದೇ ಮಾದರಿ, ಅದೇ ಬೂದು ಬಣ್ಣ ಬೇಕು ಎಂದೆ. ಮಾರಾಟಗಾರ ಅಂಗಳದ ಮೂಲೆಯಲ್ಲಿದ್ದ ಒಂದನ್ನು ತೋರಿಸಿದ. ಬಾಗಿಲು ತೆರೆದು ಮುಚ್ಚಿದೆ, ಕಾರ್ಖಾನೆಯ ಟಾರ್ಚಿನ ಬೆಳಕು ಬಿಟ್ಟು ಮೈಯೆಲ್ಲ ನೋಡಿದೆ, ಗೀರು ಕಾಣಲಿಲ್ಲ. "ಒಬ್ಬರೇ ಮಾಲೀಕರು. ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಹೆಸರು ಮಾತ್ರ ಹೇಳುವಂತಿಲ್ಲ, ಕಾನೂನು," ಎಂದ. ನಿಮ್ಮ ಕಾನೂನು, ಮಾನ್ಯರೇ. ನಂಬರ್ ಪ್ಲೇಟನ್ನೂ ಹಳೆಯ ಮಾಲೀಕನ ಜೊತೆಗೇ ಕಳಿಸಿಬಿಡುವ ಕಾನೂನು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಇಂದಿಗೂ ಮೈ ಬಿಸಿಯಾಗುತ್ತದೆ. ಆ ಅಜ್ಞಾತ ಮಾಲೀಕನನ್ನು ಹೊಗಳಿದ್ದೇ ಹೊಗಳಿದ್ದು. ಊಟಕ್ಕೆ ಕೂತಾಗ ಹೊಗಳಿದೆ, ಮಗಳನ್ನು ಶಾಲೆಗೆ ಬಿಡುವಾಗ ಹೊಗಳಿದೆ. ಹಿಂದಿನ ಸೀಟಿನ ಅಂಚಿನಲ್ಲಿ ಹರಿದದ್ದನ್ನು ಯಾರೋ ನೂಲಿನಿಂದ ಹೊಲಿದಿದ್ದರು. ಅದನ್ನು ಹೆಂಡತಿಗೆ ತೋರಿಸಿ, "ನೋಡು, ಎಷ್ಟು ನಾಜೂಕು. ಆ ಮನುಷ್ಯನ ಮನೆಯವರೂ ಅವನ ಹಾಗೇ ಇರಬೇಕು. ಇಂಥವರನ್ನ ನೋಡಿ ನಿಮ್ಮ ಭಾವ ಕಲೀಬೇಕು" ಎಂದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಒಂದು ಭಾನುವಾರ ಷಡ್ಡಕರ ಹೊಸ ಕಾರು ರಿಪೇರಿಗೆ ಹೋಗಿತ್ತು. ಅಂಗಡಿಗೆ ಹೋಗಲು ನನ್ನ ಕಾರು ಹತ್ತಿದರು. ನಾನು ಚಾಲಕ, ಅವರು ಪಕ್ಕದಲ್ಲಿ. ಇಂಥ ದಿನಕ್ಕಾಗಿಯೇ ಕಾದಿದ್ದೆ. ಕೀಲಿ ತಿರುಗಿಸಿದೆ. ನನ್ನ ಫೋನನ್ನು ಒಂದು ದಿನವೂ ತಾನಾಗಿ ಗುರುತಿಸದ ಆ ಕಾರು ಮಧುರವಾಗಿ ಸದ್ದು ಮಾಡಿ, ಪರದೆಯ ಮೇಲೆ ಅವರ ಹೆಸರು ಬೆಳಗಿಸಿ ಅವರನ್ನು ಸ್ವಾಗತಿಸಿತು. ಇದೇನು ಎಂದು ಕೇಳುವಷ್ಟರಲ್ಲಿ ಅವರಿಗೊಂದು ಕರೆ ಬಂತು. ಅವರು ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡರೂ ಧ್ವನಿ ಹೊರಟದ್ದು ಕಾರಿನ ನಾಲ್ಕೂ ಮೂಲೆಯಿಂದ. ಊರಿನಿಂದ ನಮ್ಮ ಅತ್ತೆ ಮಾತಾಡುತ್ತಿದ್ದರು.

"ದೊಡ್ಡ ಅಳಿಯಂದ್ರೇ, ನಿಮ್ಮ ಹಳೇ ಕಾರನ್ನ ಚಿಕ್ಕವರೇ ತಗೊಂಡಿದಾರಂತಲ್ಲ, ಮಗಳು ಹೇಳಿದ್ಲು. ಅವರೆದುರು ಮಾತ್ರ ಬಾಯಿ ಬಿಡಬೇಡಿ. ಪಾಪ, ಏನೋ ಖುಷೀಲಿದಾರೆ, ಇರಲಿ ಬಿಡಿ."

ಮಾನ್ಯರೇ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಪಾಪ' ಇದೆಯಲ್ಲ, ಅದಕ್ಕೆ ನಿಮ್ಮ ಇಲಾಖೆ ಏನು ಪರಿಹಾರ ಕೊಡುತ್ತದೆ? ಷಡ್ಡಕ ಗಡಿಬಿಡಿಯಿಂದ ಕರೆ ಕತ್ತರಿಸಿದರು. ಮುಂದಿನ ಸಿಗ್ನಲ್ಲಿನಲ್ಲಿ ಇಬ್ಬರೂ ಕೆಂಪು ದೀಪವನ್ನು ಬಹಳ ಶ್ರದ್ಧೆಯಿಂದ ನೋಡುತ್ತ ಕೂತೆವು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ, "ನಿನಗೆ ಗೊತ್ತಿತ್ತಾ?"

"ಮೊದಲನೇ ದಿನವೇ. ಆ ಹೊಲಿಗೆ ನಾನೇ ಹಾಕಿದ್ದಲ್ವಾ? ಆಮೇಲೆ ಭಾವ ಅದರ ಮೇಲೆ ಕವರ್ ಹಾಕಿಸಿದ್ರು, ಮಾರೋವಾಗಲೇ ಅದನ್ನ ತೆಗೆದದ್ದು, ನೀವು ನೋಡಿರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಮದುವೆಯಾದಾಗಿಂದ ನೀವು ಭಾವನ್ನ ಹೊಗಳಿದ್ದು ಇದೇ ಮೊದಲು. ಕೇಳೋಕೆ ಚೆನ್ನಾಗಿತ್ತು, ಸುಮ್ಮನಿದ್ದೆ."

ಮರುದಿನವೇ ಕಾರು ಹಿಂದಿರುಗಿಸಲು ನಿಮಗೆ ಅರ್ಜಿ ಹಾಕಿದೆ. ಅದನ್ನು ತಿರಸ್ಕರಿಸಿದಿರಿ. ಮೇಲ್ಮನವಿ ಬರೆಯುತ್ತ ಕೂತಿದ್ದಾಗ ಷಡ್ಡಕರೇ ಮನೆಗೆ ಬಂದರು. ಚಹಾ ತಣ್ಣಗಾಗುವವರೆಗೆ ಲೋಟವನ್ನು ತಿರುಗಿಸುತ್ತಿದ್ದರು. ಸಮಾಧಾನ ಹೇಳಲು ಬಂದಿದ್ದಾರೆ, ಇನ್ನೊಂದು ಉಪಕಾರದ ಹೊರೆ ಹೊರಬೇಕು ಎಂದುಕೊಂಡೆ.

"ವಾಪಸ್ ಕೊಡ್ತೀರಂತೆ," ಎಂದರು.

"ನೋಡೋಣ. ಯಾಕೆ?"

"ಕೊಡೋದಾದ್ರೆ ಮೊದಲು ನನಗೆ ಹೇಳಿ. ಮಳಿಗೆಯವರ ಹತ್ರ ನಾನೇ ತಗೋತೀನಿ. ಹೊಸದು ತರೋ ಹುರುಪಲ್ಲಿ ಅದನ್ನ ಕೊಟ್ಟುಬಿಟ್ಟೆ. ಮಾರಿದ ಮೇಲೆ ಸಮಾಧಾನವೇ ಇಲ್ಲ. ನಿಮ್ಮ ಕಾರು ನಮ್ಮ ಬೀದೀಲಿ ಹೋಗೋದು ಕಂಡ್ರೆ..." ಎದೆಯ ಕೆಳಗೆ ಕೈಯಿಟ್ಟು ತೋರಿಸಿದರು. "ಇಲ್ಲಿ ಏನೋ ಒಂಥರಾ ಆಗುತ್ತೆ. ನಿಮಗೆ ಹೇಗೆ ಹೇಳೋದು."

ನನಗೆ ಹೇಳಬೇಕೆ? ಆ ಜಾಗ ನನಗೆ ಚೆನ್ನಾಗಿ ಪರಿಚಯ. ನಾನು ಅಲ್ಲಿಯೇ ವಾಸವಾಗಿದ್ದವನು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಬದಲಾಗಿದೆ. ಹಿಂದಿನ ಮಾಲೀಕನ ಹೆಸರನ್ನು ಕಾರಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡುವ ಕಾನೂನು ಬರಲಿ. ಅದು ನಾಡಿನ ಸಮಸ್ತ ಷಡ್ಡಕರ ಪರವಾಗಿ. ನನ್ನ ಸ್ವಂತ ವಿಷಯದಲ್ಲಿ ಮಾತ್ರ, ಈ ಕಾರು ಅವರಿಗೆ ಎಂದೆಂದಿಗೂ ಸಿಗದು ಎಂದು ಸಹಿ ಹಾಕಿ ಕೊಡುವುದಾದರೆ ಹಿಂದಕ್ಕೆ ತೆಗೆದುಕೊಳ್ಳಿ. ಹಾಗೆ ಕೊಡಲಾಗದಿದ್ದರೆ ಅರ್ಜಿಯನ್ನು ಇನ್ನೊಮ್ಮೆ ತಿರಸ್ಕರಿಸಿ, ಈ ಸಲ ಇನ್ನಷ್ಟು ಖಡಾಖಂಡಿತವಾಗಿ. ಅವರಿಗೆ ತೋರಿಸಲು ನನಗೆ ಆ ಪತ್ರ ಬೇಕು.

ಕಾರಿನ ಪರದೆಯಲ್ಲಿ ಅವರ ಫೋನನ್ನು ಮರೆತುಬಿಡಲೇ ಎಂದು ಕೇಳುವ ಗುಂಡಿಯೊಂದಿದೆ. ಬೇಡ ಎಂದು ಒತ್ತಿದ್ದೇನೆ. ಈಗ ಪ್ರತಿ ಭಾನುವಾರ ನಾನಾಗಿಯೇ ಹೋಗಿ ಅವರನ್ನು ಹತ್ತಿಸಿಕೊಳ್ಳುತ್ತೇನೆ. ಕಾರು ಅವರ ಹೆಸರು ಹಿಡಿದು ಸ್ವಾಗತಿಸುತ್ತದೆ. ಅವರು ತೊಡೆಯ ಮೇಲಿನ ಖಾಲಿ ಕೈಗಳನ್ನು ನೋಡಿಕೊಳ್ಳುತ್ತಾರೆ. ಸ್ಟೀರಿಂಗು ನನ್ನ ಕೈಯಲ್ಲಿರುತ್ತದೆ.

ಇಂತಿ, ನಿಮ್ಮ ಖಡಕ್ ತಿರಸ್ಕಾರವನ್ನು ಎದುರು ನೋಡುತ್ತಿರುವ,
ಆ ಕಾರಿನ ಎರಡನೆಯ ಮಾಲೀಕ
ಮತ್ತು ಆ ಮನೆಯ ಎರಡನೆಯ ಅಳಿಯ