ಒಂಬತ್ತನೇ ಅಧ್ಯಾಯಕ್ಕೆ ಮೊದಲು

ಟಿ. ದಾಸರಹಳ್ಳಿ
ಸೋಮವಾರ, ೨೪ ನವೆಂಬರ್ ೨೦೨೫

ನನ್ನ ಬಿಂದುಶ್ರೀಗೆ,

ನಿನ್ನ ಗೌರಿ ಚಿಕ್ಕಮ್ಮನ ಆಶೀರ್ವಾದಗಳು. ಕೊಟ್ರೇಶನ ಕಾದಂಬರಿ ಬ್ಯಾಗಿನಲ್ಲಿದ್ದರೆ ಈಗ ತೆಗೆಯಬೇಡ. ಮೊದಲು ಇದನ್ನು ಓದು.

ಆರನೇ ಅಧ್ಯಾಯ ಮುಗಿಯಿತು, ಸಕ್ಕತ್ತಾಗಿದೆ ಎಂದು ನೀನು ಬೆಳಿಗ್ಗೆ ಮೆಸೇಜು ಹಾಕಿದ್ದೆ. ಅದನ್ನು ನೋಡಿದೊಡನೆ ಫೋನ್ ಮಾಡಿದೆ. ನೀನು ಹಲೋ ಅಂದೊಡನೆ ತಿಂಡಿ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಇವತ್ತು ಕೆಲಸಕ್ಕೆ ರಜೆ ಹಾಕಿದ್ದೇನೆ. ಇದನ್ನು ಬರೆದು ಮುಗಿಸಿ, ಮೆಟ್ರೋದಲ್ಲಿ ಬೊಮ್ಮಸಂದ್ರಕ್ಕೆ ಬಂದು, ನಿನ್ನ ಕಾಲೇಜಿನ ಗೇಟಿನಲ್ಲಿ ಕೈಗೆ ಕೊಡುತ್ತೇನೆ. ಅಷ್ಟರಲ್ಲಿ ನೀನು ಒಂಬತ್ತನೇ ಅಧ್ಯಾಯ ತೆರೆಯದಿದ್ದರೆ ಸಾಕು. ಬೇರೇನೂ ಬೇಡಿಕೊಳ್ಳುತ್ತಿಲ್ಲ.

ನಿನ್ನೆ ಪುಸ್ತಕ ಬಿಡುಗಡೆಯಲ್ಲಿ ನೀನು ಎಷ್ಟು ಖುಷಿಯಾಗಿದ್ದೆ. ಬರೆಯುವವರನ್ನೆಲ್ಲ ಒಟ್ಟಿಗೆ ನೋಡಿದ್ದು ಇದೇ ಮೊದಲು ಅಂದೆ. ನಾವಿರುವುದೇ ಐದು ಜನ. ಭಾನುವಾರ ಮಧ್ಯಾಹ್ನ ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ಸೇರಿ, ಬರೆದದ್ದನ್ನು ಓದಿ, ಬೈಸಿಕೊಂಡು ಮನೆಗೆ ಹೋಗುವವರು. ಶ್ಯಾಮಣ್ಣನವರು ಎಲ್ಲರಿಗಿಂತ ಹಿರಿಯರು. ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುವ ಕೊಟ್ರೇಶ ಎಲ್ಲರಿಗಿಂತ ಕಿರಿಯ. ಏಳು ವರ್ಷ ಬರೆದು, ನಮ್ಮಲ್ಲಿ ಮೊದಲು ಪುಸ್ತಕ ತಂದವನು ಅವನೇ. ಅದಕ್ಕೇ ನಮ್ಮದೇ ಮನೆಯ ಮದುವೆಯೇನೋ ಎಂಬಂತೆ ಓಡಾಡಿದೆವು. ಶ್ಯಾಮಣ್ಣ ಶಾಲು ತಂದರು. ನಾನು ನಲವತ್ತು ಜನಕ್ಕೆ ಖಾರಾಬಾತು, ಕೇಸರಿಬಾತು ಮಾಡಿದೆ. ಅವನ ಜೊತೆ ಕೆಲಸ ಮಾಡುವವರು ಉಗುರಿನಲ್ಲಿ ಗ್ರೀಸು ಇಟ್ಟುಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಪುಸ್ತಕದ ಕಟ್ಟು ಬಿಚ್ಚಿದಾಗ ಕೊಟ್ರೇಶ ಮೊದಲ ಪ್ರತಿಯನ್ನು ಮೂಸಿ ನೋಡಿ ಅತ್ತ. ನಾವೂ ಅತ್ತೆವು.

ಆಮೇಲೆ ಅವನು ಮೈಕಿನ ಮುಂದೆ ಹೇಳಿದ ಮಾತು ನಿನಗೆ ನೆನಪಿರಬೇಕು. "ಈ ಪುಸ್ತಕದಾಗ ಜೀವ ಇರೋ ಭಾಗ ನಂದಲ್ಲ. ಅದನ್ನ ಕೊಟ್ಟೋರು ಇಲ್ಲೇ ಕುಂತಾರ" ಎಂದ. ಜನ ಹಿಂದೆ ಮುಂದೆ ತಿರುಗಿ ನೋಡಿದರು. ನೀನು ನನ್ನ ಕೈ ಹಿಡಿದುಕೊಂಡು, "ಯಾರು ಚಿಕ್ಕಮ್ಮ?" ಎಂದು ಕೇಳಿದೆ. ಗೊತ್ತಿಲ್ಲ ಕಣೆ ಎಂದೆ. ಚಪ್ಪಾಳೆ ಮುಗಿಯುವವರೆಗೂ ನೀನು ಕೈ ಬಿಡಲಿಲ್ಲ.

ನನಗೆ ಗೊತ್ತಿತ್ತು. ಅದು ನಾನೇ.

ನಾಲ್ಕು ವರ್ಷದ ಹಿಂದೆ ಗುಂಪಿನಲ್ಲಿ ನಾನೊಂದು ಕಥೆ ಓದುತ್ತಾ ಅರ್ಧಕ್ಕೆ ನಿಲ್ಲಿಸಿದ್ದೆ. ಕೊಟ್ರೇಶ ಬಸ್ ಸ್ಟಾಪಿನವರೆಗೂ ಬಂದು, ಮುಂದೇನಾಯಿತು ಅಕ್ಕಾ ಎಂದು ಕೇಳಿದ. ಹದಿನಾಲ್ಕು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ಎರಡು ಬಸ್ಸು ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಅವನು ಅದನ್ನೇ ಬರೆದಿದ್ದಾನೆ. ಪುಸ್ತಕದಲ್ಲಿ ಅದು ಇದೆಯೆಂದು ನನಗೆ ತಿಳಿದದ್ದು ನಿನ್ನೆ, ನಿನ್ನ ಕೈಗೆ ಪ್ರತಿ ಹೋದ ಮೇಲೆ. ಅವನ ಮೇಲೆ ಸಿಟ್ಟು ಬಂದಿದೆ. ಆದರೆ ಸಿಟ್ಟು ಮಾಡಿಕೊಂಡು ಕೂರಲು ಈಗ ಹೊತ್ತಿಲ್ಲ.

೨೦೦೭ರಲ್ಲಿ ನನಗೆ ಇಪ್ಪತ್ತೊಂದು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದೆ. ಮೆಷಿನ್ ರಿಪೇರಿಗೆ ಬರುತ್ತಿದ್ದ ಒಬ್ಬನನ್ನು ನಂಬಿದೆ. ಮದುವೆಯ ಮಾತಾಡಿ ಬರುತ್ತೇನೆಂದು ಊರಿಗೆ ಹೋದವನು ಮತ್ತೆ ಬರಲಿಲ್ಲ. ಆಗ ನನಗೆ ನಾಲ್ಕು ತಿಂಗಳಾಗಿತ್ತು. ರಾಣಿ ಅಕ್ಕ ಮದುವೆಯಾಗಿ ಜಿಗಣಿಗೆ ಹೋಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವಳ ಅತ್ತೆ ತಮ್ಮ ಮಗನಿಗೆ ಬೇರೆ ಹೆಣ್ಣು ಹುಡುಕಲು ಶುರುಮಾಡಿದ್ದರು. ನಮ್ಮಮ್ಮನೇ ದಾರಿ ಯೋಚಿಸಿದಳು. ಅಕ್ಕ ಬಸುರಿಯೆಂದು ಅತ್ತೆಗೆ ಹೇಳಿ ಆನೇಕಲ್ಲಿನ ಮನೆಗೆ ಕರೆಸಿಕೊಂಡಳು. ಐದು ತಿಂಗಳು ಇಬ್ಬರೂ ಹೊಸಿಲು ದಾಟಲಿಲ್ಲ. ನಿಮ್ಮಪ್ಪ ಮುನಿರಾಜು ಭಾವನಿಗೆ ಎಲ್ಲ ಗೊತ್ತಿತ್ತು. ಮಗು ಹುಟ್ಟಿದ ಹತ್ತೊಂಬತ್ತನೇ ದಿನ, ಅದನ್ನು ಅಕ್ಕನ ಮಡಿಲಿಗೆ ಹಾಕಿ ನಾನು ಕೆಲಸಕ್ಕೆ ವಾಪಸು ಬಂದೆ. ಮೊದಲ ದಿನವೇ ಎದೆಹಾಲು ಸೋರಿ, ಮುಂದಿದ್ದ ಬಿಳಿ ಅಂಗಿ ಕಲೆಯಾಯಿತು. ಸೂಪರ್‌ವೈಸರ್ ಬೈದಳು. ನೀರು ಚೆಲ್ಲಿತು ಎಂದೆ. ಟಾಯ್ಲೆಟ್ಟಿಗೆ ಹೋಗಿ ಹಾಲನ್ನು ಗೋಡೆಗೆ ಹಿಂಡಿ ಬಂದು ಮತ್ತೆ ಕಾಲರು ಹೊಲಿದೆ.

ಆ ಮಗು ನೀನು ಬಿಂದು.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಅಕ್ಕನನ್ನು ಕೇಳದೆ ಇದನ್ನು ನಿನಗೆ ಕೊಡುವ ಹಕ್ಕು ನನಗಿಲ್ಲ ಅನ್ನಿಸಿ ಅವಳಿಗೆ ಫೋನ್ ಮಾಡಿದೆ. ಒಲೆಯ ಮೇಲೆ ಕುಕ್ಕರು ಕೂಗುವುದು ಕೇಳಿಸುತ್ತಿತ್ತು. ಆಮೇಲೆ ಹೇಳಿದಳು, "ನೀನೇ ಹೇಳು ಗೌರಿ. ಅವ್ಳು ಪುಸ್ತಕದಾಗೆ ಓದಿ ತಿಳ್ಕೊಳೋದು ಬ್ಯಾಡ. ಹೇಳಿದ್ಮೇಲೆ ಅವ್ಳನ್ನ ಮನೆಗೆ ಕಳ್ಸು."

ಆದ್ದರಿಂದ ಒಂದು ಮಾತು ನಡೆಸಿಕೊಡು. ಇದನ್ನು ಓದಿ ಎಲ್ಲಿಗೂ ಹೋಗಬೇಡ, ಮನೆಗೆ ಹೋಗು. ನಿನಗೆ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಬೆಳಗು ಮಾಡಿದವಳು ರಾಣಿ. ಅವಳನ್ನು ಅಮ್ಮ ಎಂದು ಕೂಗುವುದನ್ನು ಒಂದು ದಿನವೂ ನಿಲ್ಲಿಸಬೇಡ. ನಿಮ್ಮಪ್ಪನ ಅಮ್ಮ, ಜಿಗಣಿಯ ಅಜ್ಜಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಆ ಮನೆಯಲ್ಲಿ ಅಕ್ಕ ನಿಂತಿರುವುದು ಆ ನಂಬಿಕೆಯ ಮೇಲೆ. ನನ್ನನ್ನು ಏನು ಬೇಕಾದರೂ ಅನ್ನು. ಬಿಟ್ಟುಹೋದವಳು ಎನ್ನು. ನಿಜವೇ. ಪ್ರತಿ ಹುಟ್ಟುಹಬ್ಬಕ್ಕೂ ಬಟ್ಟೆ ಹೊಲಿದುಕೊಂಡು ಬಂದು, ಅಳತೆ ಸರಿಯಿದೆಯೇ ಎಂದು ನೋಡುವ ನೆಪದಲ್ಲಿ ನಿನ್ನನ್ನು ಮುಟ್ಟಿ ಹೋಗುತ್ತಿದ್ದೆ. ಅಷ್ಟೇ ನನಗೆ ಸಿಕ್ಕಿದ್ದು, ಅಷ್ಟೇ ಸಾಕೆಂದು ಬದುಕಿದ್ದೆ.

ಪತ್ರ ಕೊಟ್ಟು ನಾನು ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತಿರುತ್ತೇನೆ. ಮಾತಾಡಬೇಕೆನಿಸಿದರೆ ಬಾ. ಬೇಡವೆನಿಸಿದರೆ ನನ್ನ ಮುಂದೆಯೇ ನಡೆದು ಬಸ್ಸು ಹತ್ತು. ನಾನು ಕರೆಯುವುದಿಲ್ಲ.

ಏನೆಂದು ಸಹಿ ಹಾಕಬೇಕೋ ತಿಳಿಯದ
ಗೌರಿ

ತಾ.ಕ.: ಬೊಮ್ಮಸಂದ್ರದ ಪ್ಲಾಟ್‌ಫಾರ್ಮಿನಲ್ಲಿ ಕೂತು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೊಟ್ರೇಶನದು ತಪ್ಪಿಲ್ಲ. ಅವನು ಜೂನ್ ತಿಂಗಳಲ್ಲೇ ಕರಡನ್ನು ನನ್ನ ಕೈಗೆ ಕೊಟ್ಟು, ಒಂಬತ್ತನೇ ಅಧ್ಯಾಯ ತೆಗೆದುಬಿಡಲೇ ಎಂದು ಎರಡು ಸಲ ಕೇಳಿದ್ದ. ಇರಲಿ ಬಿಡು ಎಂದವಳು ನಾನು. ಮಗುವಿನ ಎಡಗಾಲಿನಲ್ಲಿ ಎರಡು ಬೆರಳು ಕೂಡಿಕೊಂಡಿದ್ದವು ಎಂದು ಅಲ್ಲೊಂದು ಸಾಲಿದೆ. ನಿನ್ನ ಕಾಲಿನ ಆ ಗುರುತು ಅವನಿಗೆ ಗೊತ್ತಿರಲಿಲ್ಲ. ಕರಡಿನ ಅಂಚಿನಲ್ಲಿ ಬರೆದು ಸೇರಿಸಿದವಳು ನಾನೇ.