ದೀಪ ಹಾಕಿ ಬೈಯುವುದು

ಜೂನ್ 4, ಸಂಜೆ

ಲಾಂಡ್ರಿಯಲ್ಲಿ ಬೆಳಿಗ್ಗೆಯಿಂದ ಬರೀ ಬಿಳಿ ಬೆಡ್‌ಶೀಟು. ಆಸ್ಪತ್ರೆಯದು ಅರ್ಧ, ಹೋಟೆಲಿನದು ಅರ್ಧ. ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಇಬ್ಬರು ಎರಡು ತುದಿ ಹಿಡಿದು ಕೊಡಬೇಕು, ಮಷೀನಿನ ಅಂಚಿಗೆ ಬಳಿದ ಹಳದಿ ಪಟ್ಟಿ ಬಂದ ಕೂಡಲೇ ಕೈ ಬಿಡಬೇಕು. ಇಷ್ಟೇ ಕೆಲಸ. ಆದರೆ ಬಟ್ಟೆ ಸುಕ್ಕಾಗಿ ಒಳಗೆ ಹೋಗುತ್ತಿದ್ದರೆ ಎಳೆದು ಸರಿ ಮಾಡೋಣ ಅಂತ ಕೈ ತಾನಾಗಿ ಮುಂದೆ ಓಡುತ್ತದೆ. ಅದಕ್ಕೇ ನಾನು ಇರುವುದು. ಸುಕ್ಕು ಹೋದರೆ ಹೋಗಲಿ, ಕೈ ಉಳಿಯಲಿ — ಅರಚಿ ಅರಚಿ ಗಂಟಲು ಹರಿದಿದೆ. ಆ ಗದ್ದಲದಲ್ಲಿ ಮೆತ್ತಗೆ ಹೇಳಿದರೆ ಯಾರ ಕಿವಿಗೆ ಬೀಳುತ್ತೆ.

ಮಧ್ಯಾಹ್ನ ಆಫೀಸಿಗೆ ಕರೆದರು. ನನ್ನ ಮೇಲೆ ಕಂಪ್ಲೇಂಟು. ಕೊಟ್ಟವಳು ಕನ್ನಡಕದವಳು. ಹೊಸದಾಗಿ ಸೇರಿದವಳು, ಡಿಗ್ರಿ ಓದಿದ್ದಾಳಂತೆ. ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಮ್ಯಾನೇಜರ್ ಮೇಡಮ್ಮು ಓದಿದರು — "ವರ್ಬಲ್ ಅಬ್ಯೂಸ್."

"ಹಂಗಂದ್ರೆ?"

"ಬೈದಿದ್ದೀರಿ ಅಂತ."

"ಬೈದಿದ್ದೀನಿ. ಅದಕ್ಕೆ ಇಂಗ್ಲಿಷ್ ಯಾಕೆ ಬೇಕಿತ್ತು, ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ."

ಮೇಡಮ್ಮು ನಗಲಿಲ್ಲ. ಹದಿನೈದಕ್ಕೆ ವಿಚಾರಣೆ. ಆ ದೂರು ನಿಜ ಅಂತಾದರೆ ನಾನು ಮನೆಗೆ. ಅಲ್ಲಿಯವರೆಗೆ ಯಾರ ಮೇಲೂ ದನಿ ಎತ್ತುವಂತಿಲ್ಲ. ಈ ವಯಸ್ಸಿಗೆ ಇನ್ಯಾರು ಕೆಲಸ ಕೊಡುತ್ತಾರೆ.

  

ಜೂನ್ 5

ಇವರಿಗೆ ಹೇಳಿದೆ. ನಮ್ಮ ಯಜಮಾನರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ರಿಟೈರ್ ಆದವರು. ಇಂಗ್ಲಿಷ್ ಇವರಿಗೆ ಬೆರಳ ತುದಿಯಲ್ಲಿದೆ. ನಿಜವಾಗಲೂ ಬೆರಳ ತುದಿಯಲ್ಲೇ, ನಾಲಿಗೆಗೆ ಹತ್ತಿಲ್ಲ.

"ಅಬ್ಯೂಸ್ ಅಂತ ಬರೆದಿದ್ದಾಳಾ? ಅದು ಭಾರದ ಮಾತು ಕಣೇ. ಬೈಗುಳದಲ್ಲಿ ಅವರಿಗೆ ಬೇರೆ ಬೇರೆ ತೂಕ ಇದೆ."

"ನಮಗಿಲ್ವಾ? ಗದರೋದು ಬೇರೆ, ಉಗಿಯೋದು ಬೇರೆ, ಜನ್ಮ ಜಾಲಾಡೋದು ಬೇರೆ."

"ಹಾಗೇ ಅದೂ. ಸ್ಕೋಲ್ಡ್ ಅಂದ್ರೆ ಹಾಲು ಉಕ್ಕಿಸಿದಾಗ ನೀನು ನನಗೆ ಮಾಡ್ತೀಯಲ್ಲ, ಅದು. ಒಲೆ ಆರಿದ ಮೇಲೆ ಅದೂ ಆರುತ್ತೆ. ರಿಬ್ಯೂಕ್ ಅಂದ್ರೆ ತಪ್ಪು ಎಲ್ಲಿದೆಯೋ ಅಲ್ಲಿಗೇ ಚುರುಕಾಗಿ ಒಂದು ಏಟು, ಮುಗೀತು. ರೆಪ್ರಿಮಾಂಡ್ ಕುರ್ಚಿ ಮೇಲೆ ಕೂತವರದ್ದು, ಅದಕ್ಕೆ ಸಹಿ ಮೊಹರು ಎಲ್ಲ ಬೇಕು. ರಾಂಟ್ ಅಂದ್ರೆ ಯಾರು ಕೇಳಲಿ ಬಿಡಲಿ, ಕೂಗ್ತಾನೇ ಇರೋದು…"

"ನಿಮ್ಮಣ್ಣ."

"ನಮ್ಮಣ್ಣ, ಸರಿ. ಹರಾಂಗ್ ಅಂದ್ರೆ ನಾಲ್ಕು ಜನರನ್ನ ನಿಲ್ಲಿಸಿಕೊಂಡು, ಜಾಗ ಬಿಟ್ಟು ಕದಲೋಕೆ ಬಿಡದೆ ಕೊರೆಯೋದು. ಟೈರೇಡ್ ಅಂದ್ರೆ ಕೆರೆ ಕಟ್ಟೆ ಒಡೆದ ಹಾಗೆ, ಒಂದೇ ಸಮನೆ."

"ಅಬ್ಯೂಸ್?"

ಹೆಗಲ ಮೇಲಿನ ಟವೆಲು ತೆಗೆದು ಮಡಿಸಿದರು. "ತಪ್ಪನ್ನ ಬಿಟ್ಟು ಮನುಷ್ಯರನ್ನೇ ಹೊಡೆಯೋದು."

ಆಮೇಲೆ ಕೇಳಿದರು, "ಅವತ್ತು ಏನಂದೆ? ಪೂರ್ತಿ ಹೇಳು."

"ಅವಳ ಕೈ ಹಳದಿ ಪಟ್ಟಿ ದಾಟಿತ್ತು, ಕೈ ತೆಗಿಯೇ ಅಂದೆ."

"ಅದು ಬೈಗುಳಾನೇ ಅಲ್ಲ. ಆಮೇಲೆ?"

"ಆಮೇಲೆ… ನಿನ್ನ ಡಿಗ್ರೀನ ಒಲೆಗೆ ಹಾಕು ಅಂದೆ. ನಿನ್ನಂಥೋಳನ್ನ ಹೆತ್ತವರಿಗೆ ಹೇಳ್ಬೇಕು ಅಂದೆ. ಕಣ್ಣು ಕಾಣದೋಳು ಇಲ್ಲಿಗ್ಯಾಕೆ ಬಂದೆ ಅಂದೆ."

"ಎಲ್ಲರ ಮುಂದೆ?"

"ಮಷೀನು ನಿಲ್ಲಿಸಿ. ಓಡ್ತಿದ್ರೆ ಯಾರಿಗೆ ಕೇಳುತ್ತೆ?"

ಇವರು ಎದ್ದು ಹೋಗುವಾಗ, "ಶುರು ಮಾಡಿದ್ದು ಸರಿಯಾಗೇ ಇತ್ತು ಕಣೇ. ನಿಲ್ಲಿಸಲಿಲ್ಲ ನೀನು" ಅಂದರು.

ಇವರಿಗೇ ಒಂದು ರಿಬ್ಯೂಕ್ ಬಿಡೋಣ ಅನ್ನಿಸಿತು. ಬಿಡಲಿಲ್ಲ. ಮೊದಲ ಸಲ.

ಜೂನ್ 6

ರೋಲರಿನ ಮೇಲೆ ಕೆಂಪು ದೀಪ ಹಾಕಿದ್ದಾರೆ. ಸ್ವಿಚ್ಚು ನನ್ನ ಪಕ್ಕ. ಇನ್ನು ಮೇಲೆ ಕೂಗಬಾರದು, ದೀಪ ಹಾಕಬೇಕು. ಗದರುವುದಕ್ಕೂ ಅದೇ ಕೆಂಪು, ಉಗಿಯುವುದಕ್ಕೂ ಅದೇ ಕೆಂಪು.

ಮಡಚುವ ಮೇಜಿನ ದಪ್ಪಕ್ಕ ಬಂದಳು. "ದೊಡ್ಡಕ್ಕ, ಬಾಯಿಗೆ ಬೀಗ ಹಾಕಿದ್ರಂತೆ?"

"ಹ್ಞೂಂ. ಬೀಗದ ಕೈ ಮೇಡಮ್ ಹತ್ರ."

"ಅದು ಕಳೆದೇ ಹೋಗಲಿ ತಾಯಿ. ಇಲ್ಲಿ ನೆಮ್ಮದಿಯಾಗಿದೆ."

ನಕ್ಕರು ಎಲ್ಲರೂ. ನಾನೂ ನಕ್ಕೆ. ಕಣ್ಣು ಮಾತ್ರ ಆ ಕಡೆಯೇ. ಹಬೆಗೆ ಕನ್ನಡಕದವಳ ಗಾಜು ಮಸುಕಾಗುತ್ತದೆ. ಆಗ ಬಗ್ಗುತ್ತಾಳೆ, ಬಟ್ಟೆಯ ಅಂಚನ್ನು ಬೆರಳಲ್ಲಿ ತಡಕುತ್ತಾಳೆ. ದೀಪ ಹಾಕಿದೆ. ನೋಡಲಿಲ್ಲ. ಆರಿಸಿ ಮತ್ತೆ ಹಾಕಿದೆ. ಊಹೂಂ. ಓಡಿಹೋಗಿ ಹಿಂದಿನಿಂದ ಭುಜ ಮುಟ್ಟಿದೆ. ಬೆಚ್ಚಿದಳು. ಆ ಬೆಚ್ಚಿದ ರಭಸಕ್ಕೇ ಕೈ ಇನ್ನೊಂದು ಗೇಣು ಮುಂದೆ ಹೋಯಿತು. ಹೇಗೋ ಎಳೆದುಕೊಂಡಳು.

ಇನ್ನು ಹಿಂದಿನಿಂದ ಮುಟ್ಟಬಾರದು.

ಜೂನ್ 9

ಮೇಡಮ್ಮಿಗೆ ಹೇಳಿದೆ, ಅವಳಿಗೆ ದೀಪ ಕಾಣುವುದಿಲ್ಲ, ಅವಳನ್ನು ಹಬೆ ಇಲ್ಲದ ಕಡೆ ಹಾಕಿ ಅಂತ. ನೋಡೋಣ ಅಂದರು. ವಿಚಾರಣೆಗೆ ಮುಂಚೆ ನಾನೇ ಅವಳನ್ನು ಎತ್ತಂಗಡಿ ಮಾಡಿಸಿದ ಹಾಗೆ ಆಗುತ್ತದಂತೆ.

"ಕೈ ತೆಗಿ ಅಂತ ಮಾತ್ರ ಕೂಗಬಹುದಾ?"

"ಹೇಗೆ ಕೂಗ್ತೀರಿ ಅನ್ನೋದರ ಮೇಲೆ, ದೊಡ್ಡಕ್ಕ."

ಮನೆಗೆ ಬಂದು ಬಚ್ಚಲಮನೆ ಬಾಗಿಲು ಹಾಕಿಕೊಂಡು ಕೂಗಿ ನೋಡಿದೆ. ಕೈ ತೆಗಿ. ಕೈ ತೆಗೀಮ್ಮಾ. ಸ್ವಲ್ಪ ಕೈ ತೆಗೀತೀರಾ. ಹೊರಗಿನಿಂದ ಇವರು, "ಯಾರಿದ್ದಾರೆ ಒಳಗೆ?"

ನನ್ನ ದನಿ ಅಂತ ಇವರಿಗೇ ಗೊತ್ತಾಗಲಿಲ್ಲ. 

ಜೂನ್ 11

ಊಟದ ಹೊತ್ತಿನಲ್ಲಿ ಅವಳ ಎದುರು ಹೋಗಿ ಕೂತೆ. ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ.

"ಕೈ ಉಳಿಸಿದ್ದಕ್ಕೆ ಕಂಪ್ಲೇಂಟ್ ಕೊಟ್ಟಿಲ್ಲ ದೊಡ್ಡಕ್ಕ. ಅಷ್ಟು ಗೊತ್ತಾಗುತ್ತೆ ನನಗೆ."

"ಮತ್ತೆ?"

"ಕಣ್ಣು ಕಾಣದೋಳು ಅಂದ್ರಿ. ನೀವು ಅಂದು ಮರೆತ್ರಿ. ಅವತ್ತಿಂದ ಎಲ್ಲರಿಗೂ ನನ್ನ ಹೆಸರೇ ಅದು. ನೀರಿನ ಕೊಳಾಯಿ ಹತ್ರ ಹೋದ್ರೆ, ಕಾಣದೋಳು ಬಂದ್ಲು ದಾರಿ ಬಿಡ್ರೇ ಅಂತಾರೆ."

ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನೆದುರು ಯಾರು ಅನ್ನುತ್ತಾರೆ.

ಆ ಮಾತು ವಾಪಸ್ ತಗೋತೀನಿ ಅನ್ನಲು ಬಾಯಿ ತೆರೆದೆ. ದಪ್ಪಕ್ಕ ತಟ್ಟೆ ಹಿಡಿದು ಬಂದು ಪಕ್ಕದಲ್ಲೇ ಕೂತಳು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಜೂನ್ 14

ಮೊನ್ನೆಯಿಂದ ಪೆನ್ನು ಹಿಡಿದಿಲ್ಲ. 

ಮೊನ್ನೆ ಮಧ್ಯಾಹ್ನ. ಬೆಡ್‌ಶೀಟು ಒಂದು ಕಡೆಗೆ ಎಳೆದುಕೊಂಡು ಸುಕ್ಕಾಯಿತು. ಗಾಜು ಪೂರ್ತಿ ಬೆಳ್ಳಗೆ. ಅವಳು ಬಗ್ಗಿದಳು. ಬೆರಳು ಹಳದಿ ಪಟ್ಟಿ ದಾಟಿತು. ದೀಪ ಹಾಕಿದೆ. ಬಾಯಿ ತೆರೆದೆ —

ದನಿ ಬರಲಿಲ್ಲ. ಇದು ರಿಬ್ಯೂಕ್ ಆಗುತ್ತಾ, ಅಬ್ಯೂಸ್ ಆಗುತ್ತಾ, ಹೇಗೆ ಕೂಗಿದರೆ ಯಾವುದಾಗುತ್ತೆ ಅಂತ ತಲೆ ತಡಕಾಡುತ್ತಿತ್ತು. ಹಿಂದೆಲ್ಲ ತಲೆಗೆ ಗೊತ್ತಾಗುವ ಮೊದಲೇ ಬಾಯಿ ಕೂಗಿರುತ್ತಿತ್ತು. ಕಣ್ಣು ಬಿಟ್ಟುಕೊಂಡು ನೋಡುತ್ತಾ ನಿಂತೆ. ಕೂಗಿದ್ದು ಅವಳೇ. ಮಷೀನು ನಿಲ್ಲಿಸುವ ಹಗ್ಗ ಎಳೆದದ್ದು ದಪ್ಪಕ್ಕ.

ಅವಳ ಮೂರು ಬೆರಳು ಸುಟ್ಟವು. ತೆಗೆಯಬೇಕಾಗಿಲ್ಲ ಅಂದರು ಡಾಕ್ಟರು. ಮಡಿಸಲು ಬರುತ್ತದೋ ಇಲ್ಲವೋ ಈಗಲೇ ಹೇಳುವ ಹಾಗಿಲ್ಲ.

ಇವರು ಕಾಫಿ ಮಾಡಿಕೊಟ್ಟರು. ಹಾಲು ಉಕ್ಕಿ ಒಲೆಯೆಲ್ಲ ಗಲೀಜು. ನಾನು ಬೈಯಲಿಲ್ಲ. ಅದಕ್ಕೆ ಹೆದರಿದರು ಪಾಪ, "ಬೈಯೇ ಏನಾದ್ರೂ" ಅಂದರು.

ಜೂನ್ 15

ವಿಚಾರಣೆ ಮುಗಿಯಿತು. ಕೂತು ಏಳುವಷ್ಟು ಹೊತ್ತೂ ಆಗಲಿಲ್ಲ.

ಮೇಡಮ್ಮು ಅಂದರು, "ಇಷ್ಟು ದಿನ ನಿಮ್ಮ ನಡವಳಿಕೆ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದ್ದಾರೆ. ಅವತ್ತೂ ನಿಯಮದ ಪ್ರಕಾರ ದೀಪ ಹಾಕಿದ್ದೀರಿ. ಹಳೇದಕ್ಕೆ ಒಂದು ರೆಪ್ರಿಮಾಂಡ್, ಅಷ್ಟೇ. ಕೆಲಸಕ್ಕೇನೂ ತೊಂದರೆ ಇಲ್ಲ."

ಸಹಿ ಮಾಡಿದೆ. ಮೊಹರು ಒತ್ತಿದರು.

ಅಲ್ಲಿಂದ ನೇರ ಆಸ್ಪತ್ರೆಗೆ. ಅವಳ ಕೈಗೆ ದಪ್ಪ ಬ್ಯಾಂಡೇಜು. ಕನ್ನಡಕ ತೆಗೆದಿಟ್ಟಿದ್ದಳು, ಹತ್ತಿರ ಹೋಗುವ ತನಕ ಗುರುತು ಸಿಗಲಿಲ್ಲ ಅವಳಿಗೆ. ಅವತ್ತು ಅಂದದ್ದು ತಪ್ಪು ಅಂದೆ. ತಲೆ ಆಡಿಸಿದಳು. ಆಮೇಲೆ ಕೇಳಿದಳು —

"ಯಾಕೆ ಕೂಗ್ಲಿಲ್ಲ ದೊಡ್ಡಕ್ಕ?"

ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಬೈಸಿಕೊಂಡು ಬರುತ್ತಿದ್ದೆ.

ಜೂನ್ 17, ಊಟದ ಹೊತ್ತು

ರೋಲರಿನ ಆಚೆ, ಮೇಲಿರುವ ಗಾಜಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.  ಬೆಳಿಗ್ಗೆಯಿಂದ ಒಂದು ಮಾತೂ ಜೋರಾಗಿ ಆಡಿಲ್ಲ. ಆಡಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಕೂಗಿ ನೋಡಲು ಭಯ.

ಅವಳ ಜಾಗಕ್ಕೆ ಹೊಸಬಳು. ಉದ್ದ ತೋಳಿನ ರವಿಕೆ. ಮಡಿಸಿಕೋ ಅಂದೆ ಮೆತ್ತಗೆ. ಆಯ್ತಮ್ಮ ಅಂದಳು. ಕೇಳಿಸಿತೋ ಇಲ್ಲವೋ.

ಮೇಡಮ್ಮು ಕೆಳಗೆ ಯಾರಿಗೋ ಮಷೀನು ತೋರಿಸುತ್ತಿದ್ದಾರೆ. ಊಟದ ಹೊತ್ತು ಇನ್ನೂ ಮುಗಿದಿಲ್ಲ, ಆಗಲೇ ಮಷೀನು ಓಡಿಸಿದರು. ಹೊಸಬಳು ಒಬ್ಬಳೇ ಎರಡೂ ತುದಿ ಹಿಡಿದಿದ್ದಾಳೆ. ಬಟ್ಟೆ ವಾರೆ ಹೋಗುತ್ತಿದೆ. ತೋಳು ಮಡಿಸಿಲ್ಲ, ತೋಳು ಮಡಿ