ಕಾರು ಕುಡಿಯುವ ನೀರು

ಫೆಬ್ರವರಿ 6, ಗುರುವಾರ

ಇವತ್ತೂ ನೀರು ಹಾಕಿಕೊಂಡೇ ಹೊರಟಿದ್ದು. ಅತ್ತೆ ಬಾನೆಟ್ ಎತ್ತಿ ಡಬ್ಬಿಯ ಗೆರೆಯವರೆಗೆ ತುಂಬಿಸಿದರು. ನಿನ್ನೆ ತಾನೇ ತುಂಬಿಸಿದ್ದು. ಎಲ್ಲಿ ಹೋಗುತ್ತದೋ.

ಅತ್ತೆ ಸ್ಟಿಯರಿಂಗ್, ನಾನು ಹಿಂದಿನ ಸೀಟು. ಮಾವ ಹೋದಮೇಲೆ ಅತ್ತೆಯ ಪಕ್ಕದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಲ್ಲ. ಹಾಗೇ ನಡೆದುಬಂದಿದೆ, ಅಷ್ಟೇ. ನಮ್ಮ ಬ್ಯಾಂಕಿನ ಹೊಸ ವಾಚ್‌ಮನ್ ಅತ್ತೆಯನ್ನು ಟ್ಯಾಕ್ಸಿಯವರೆಂದುಕೊಂಡು ಕೇಳಿದನಂತೆ, "ಅಮ್ಮ, ಏರ್‌ಪೋರ್ಟಿಗೆ ಎಷ್ಟು ತಗೋತೀರಾ?" ಅತ್ತೆ ರೇಟು ಹೇಳಿ ಬಂದಿದ್ದಾರೆ! ಎಪ್ಪತ್ತು ದಾಟಿದ ಹೆಂಗಸು...

ಕಾರಿನೊಳಗೆ ಏನೋ ಸಿಹಿ ವಾಸನೆ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಮಿಠಾಯಿ ಬಚ್ಚಿಟ್ಟಿದ್ದಾರೋ ಏನೋ. ಒಂದು ಕಣ್ಣಿಡಬೇಕು.

ಫೆಬ್ರವರಿ 10, ಸೋಮವಾರ

ನಿಂತೇಬಿಟ್ಟಿತು. ಅದೂ ಸೇತುವೆಯ ಮೇಲೆ, ಟ್ರಾಫಿಕ್ ನಟ್ಟನಡುವೆ. ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಕೆಂಪು ಗೆರೆ ದಾಟಿತ್ತು, ಬಾನೆಟ್ ಸಂದಿಯಿಂದ ಹಬೆ. ಹಿಂದಿನವರ ಹಾರ್ನ್ ಕೇಳಿ ಕಿವಿ ತೂತಾಯಿತು. ಇಳಿದು ಬಾನೆಟ್ ಎತ್ತಲು ಓಡಿದೆ. ಅತ್ತೆ ನನ್ನ ಕೈ ಹಿಡಿದೆಳೆದರು. "ಮುಚ್ಚಳ ಮುಟ್ಟಬೇಡ್ವೇ, ಸುಟ್ಕೋತೀಯ."

ಸಂಜೆ ಇವರದ್ದು ಒಂದೇ ಮಾತು. "ಅಮ್ಮ, ಇನ್ನೊಂದ್ಸಲ ದಾರೀಲಿ ನಿಂತ್ರೆ ಮಾರಿಬಿಡೋಣ. ಬೇರೆ ಕಾರೂ ಬೇಡ. ಈ ವಯಸ್ಸಲ್ಲಿ ನಿಂಗ್ಯಾಕೆ ಡ್ರೈವಿಂಗು? ಕ್ಯಾಬ್ ಇಲ್ವಾ?"

ಅತ್ತೆ "ಹೂಂ" ಎಂದು ಒಳಗೆ ಹೋದರು.

ನನಗೆ ಮೈಯೆಲ್ಲ ಉರಿಯಿತು. ಮಾವ ಹೋದಮೇಲೆ ತಿಂಗಳುಗಟ್ಟಲೆ ಹೊಸಿಲು ದಾಟದೆ ಕೂತಿದ್ದವರು. ನನ್ನನ್ನು ಬ್ಯಾಂಕಿಗೆ ಬಿಡುವ ನೆಪದಲ್ಲಿ ತಾನೇ ಮತ್ತೆ ಹೊರಗೆ ಬಂದಿದ್ದು? ಕಾರು ಹೋದರೆ ಮತ್ತೆ ಅದೇ ಕೋಣೆ, ಅದೇ ಮುಚ್ಚಿದ ಕಿಟಕಿ. ಹೆತ್ತ ಮಗನಿಗೆ ಅಷ್ಟೂ ಕಾಣುವುದಿಲ್ಲ.

ಫೆಬ್ರವರಿ 12, ಬುಧವಾರ

ಅರ್ಧ ದಿನ ರಜೆ. ಗ್ಯಾರೇಜು. ಮೆಕ್ಯಾನಿಕ್ ಪೈಪು, ಮುಚ್ಚಳ, ಫ್ಯಾನು ಎಲ್ಲ ನೋಡಿದ. ರೇಡಿಯೇಟರಿಗೆ ಗಾಳಿ ತುಂಬಿದ. ಪ್ರೆಷರ್ ಇಳಿಯುತ್ತದೆ, ಕಾರಿನ ಕೆಳಗೆ ಮಾತ್ರ ಒಂದು ಹನಿ ಇಲ್ಲ.

"ಇಂಜಿನ್ನೇ ಒಳಗೊಳಗೆ ನೀರು ಕುಡೀತಿದೆ ಅನ್ಸುತ್ತಮ್ಮ. ಹೆಡ್ ಗ್ಯಾಸ್ಕೆಟ್ಟು ಹೋಗಿರ್ಬೇಕು, ಇಂಜಿನ್ ಒಳಗಿನ ಸೀಲು. ಅದನ್ನ ಬಿಚ್ಚೋ ಬದಲು ಕಾರನ್ನೇ ಗುಜರಿಗೆ ಹಾಕೋದು ವಾಸಿ."

"ಹಾಗಿದ್ರೆ ಸೈಲೆನ್ಸರಲ್ಲಿ ಬಿಳಿ ಹೊಗೆ ಬರಬೇಕಲ್ಲಪ್ಪ? ಆಯಿಲ್ ಹಾಲು ಬೆರೆಸಿದ ಹಾಗೆ ಆಗಬೇಕಲ್ವಾ?" ಅತ್ತೆ ಬಿಡುವವರಲ್ಲ.

ಆಯಿಲ್ ಕಡ್ಡಿ ಎಳೆದು ನೋಡಿದ. ಸ್ವಚ್ಛ. ತಲೆ ಕೆರೆದುಕೊಂಡ. ಒಂದು ವಾರ ನೋಡೋಣ ಎಂದ.

ಫೆಬ್ರವರಿ 17, ಸೋಮವಾರ

ರಾತ್ರಿ ಕಾರಿನ ಕೆಳಗೆ ಹಾಸಿದ್ದ ರಟ್ಟು ಬೆಳಿಗ್ಗೆ ಗರಿಗರಿ ಒಣಗಿತ್ತು. ನಾನು ಆಕ್ಸಿಲರೇಟರ್ ತುಳಿದೆ, ಅತ್ತೆ ಹಿಂದೆ ನಿಂತು ಹೊಗೆ ನೋಡಿದರು. ಬಿಳಿ ಹೊಗೆಯೂ ಇಲ್ಲ. ಡಬ್ಬಿಯಲ್ಲಿ ಮಾತ್ರ ನೀರು ಇಳಿದಿದೆ. ಇವರಿಗೆ ಹೇಳಿಲ್ಲ. ಅತ್ತೆ ಸೊಸೆ ಒಂದಾಗಿ ಗಂಡಸಿಗೆ ಮುಚ್ಚಿಡುವ ಮನೆ ಇದೊಂದೇ ಇರಬೇಕು.

ಮಿಠಾಯಿಗಾಗಿ ಹಿಂದಿನ ಸೀಟಿನ ಸಂದಿಗೊಂದಿ ತಡಕುವಾಗ ಸಿಕ್ಕಿಬಿದ್ದೆ.

"ನನ್ಮೇಲೇ ಪೊಲೀಸ್‌ಗಿರೀನಾ? ವಾಸನೆ ನಂಗೂ ಬರುತ್ತೆ. ನೀನೇ ಕದ್ದು ತಿಂತಿದ್ದೀಯ ಅಂದ್ಕೊಂಡು ಸುಮ್ನಿದ್ದೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಫೆಬ್ರವರಿ 20, ಗುರುವಾರ. ಬ್ಯಾಂಕ್, ಊಟದ ಹೊತ್ತು

ಬರೆಯದೆ ಇರಲಾಗುತ್ತಿಲ್ಲ. ಬೆಳಿಗ್ಗೆ ಸಿಗ್ನಲಿನಲ್ಲಿ ಸೂಜಿ ಮತ್ತೆ ಏರತೊಡಗಿತು. ಅತ್ತೆ ಹೀಟರನ್ನು ಪೂರ್ತಿ ತಿರುಗಿಸಿದರು. ಇಂಜಿನ್ನಿನ ಬಿಸಿಯನ್ನು ಒಳಗೆಳೆದುಕೊಂಡರೆ ಅದಕ್ಕೆ ಸ್ವಲ್ಪ ಉಸಿರು ಬರುತ್ತದಂತೆ. ಸುಡು ಬಿಸಿಲಿನಲ್ಲಿ ಹೀಟರು! ಇಬ್ಬರಿಗೂ ಬೆವರಿನ ಸ್ನಾನ. ಸೂಜಿಯೇನೋ ನಿಂತಿತು, ಆದರೆ ಮುಂದಿನ ಗಾಜಿನ ತುಂಬ ಮಂಜು. ಅತ್ತೆ ಬದಿಗೆ ನಿಲ್ಲಿಸಿದರು.

"ಒರೆಸೇ, ದಾರಿ ಕಾಣ್ತಿಲ್ಲ."

"ಹಿಂದಿನಿಂದ ಕೈ ಎಟಕಲ್ಲ ಅತ್ತೆ."

"ಮುಂದೆ ಬಾ ಮತ್ತೆ."

"...ಅಲ್ಲಿಗಾ?"

"ಇನ್ನೆಲ್ಲಿಗೆ, ಬಾನೆಟ್ ಮೇಲಾ?"

ಹೋಗಿ ಕೂತೆ. ಮೈ ಹಿಡಿ ಮಾಡಿಕೊಂಡೇ ಕೂತೆ. ಬ್ಯಾಗನ್ನು ಕೆಳಗಿಟ್ಟು ಗಾಜು ಒರೆಸಿದೆ, ಮಂಜು ಎಣ್ಣೆಯಂತೆ ಜಿಗುಟು. ಬ್ಯಾಗ್ ಎತ್ತಿದರೆ ತಳದಿಂದ ತೊಟ್ಟಿಕ್ಕುತ್ತಿದೆ. ಕಾರ್ಪೆಟ್ ಒತ್ತಿದೆ. ಪಚಕ್! ಬೆಚ್ಚಗಿನ ಹಸಿರು ನೀರು, ಮೂಗಿಗೆ ಹಿಡಿದರೆ ಅದೇ ಸಿಹಿ ವಾಸನೆ.

"ಅತ್ತೆ, ಇಲ್ನೋಡಿ. ಕೂಲಂಟು. ಡಬ್ಬಿಯಿಂದ ಇಳೀತಿದ್ದ ನೀರು!"

ಬಗ್ಗಿ ಮುಟ್ಟಿದರು. ನಗಲು ಶುರುಮಾಡಿದವರು ಅಳತೊಡಗಿದರು. "ಇಲ್ಲೇ ಇತ್ತಲ್ಲೇ. ನನ್ನ ಪಕ್ಕದಲ್ಲೇ. ಈ ಕಡೆ ತಿರುಗಿ ನೋಡೋದನ್ನೇ ಬಿಟ್ಟಿದ್ದೆ ಕಣೇ ನಾನು."

ಅವರನ್ನು ತಬ್ಬಿಕೊಂಡೆ. ನನಗೂ ಅಳು. ಬ್ಯಾಂಕಿಗೆ ಲೇಟು. ಮ್ಯಾನೇಜರ್ ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ.

ಫೆಬ್ರವರಿ 22, ಶನಿವಾರ

ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆಂದು ಒಂದು ಪುಟ್ಟ ರೇಡಿಯೇಟರ್ ಇರುತ್ತದಂತೆ. ತೂತಾಗಿದ್ದು ಅದು. ಮೆಕ್ಯಾನಿಕ್ ಅದಕ್ಕೆ ಹೋಗುವ ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟ. ಇನ್ನು ಹೀಟರ್ ಇಲ್ಲ. ಯಾರಿಗೆ ಬೇಕು? ಸೀಟು ಕಳಚಿ ಕಾರ್ಪೆಟ್ಟನ್ನು ಬಿಸಿಲಿಗೆ ಹರವಿದ. "ಯಾರಾದ್ರೂ ಇಲ್ಲಿ ಕಾಲಿಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲಮ್ಮ" ಎಂದ.

ಇವರು ಬಂದು ಸೂಜಿ ನೋಡಿದರು. ಅರ್ಧಕ್ಕಿಂತ ಮೇಲೇರಲಿಲ್ಲ. "ಸರಿ ಬಿಡಮ್ಮ, ಓಡಿಸು" ಎಂದರು. ದೊಡ್ಡ ಮನಸ್ಸು!

ಫೆಬ್ರವರಿ 24, ಸೋಮವಾರ

ಸೀಟು ಕೂರಿಸುತ್ತಾ ಮೆಕ್ಯಾನಿಕ್ ಕೇಳಿದ, "ಮೊದಲಿನ ಹಾಗೇ ಪೂರ್ತಿ ಹಿಂದಕ್ಕೇ ಇಡ್ಲಾಮ್ಮ?"

ಮಾವ ಆರಡಿ ಆಳು. ಅವರು ಹೋದಮೇಲೆ ಆ ಸೀಟನ್ನು ಯಾರೂ ಸರಿಸಿರಲಿಲ್ಲ. ಅತ್ತೆ ಸೀಟಿನ ಬೆನ್ನಿನ ಮೇಲೆ ಕೈಯಿಟ್ಟು ನಿಂತರು. ನೋಡಲಾಗದೆ ನಾನೇ ಹೇಳಿದೆ, "ಹಾಗೇ ಇರಲಿ ಬಿಡಪ್ಪ."

"ಏನು ಹಾಗೇ ಇರೋದು? ಅವರ ಕಾಲು ಉದ್ದ ಇತ್ತು. ನಿಂದು ಗಿಡ್ಡ."

ಮೆಕ್ಯಾನಿಕ್ಕನ್ನು ಸರಿಸಿ, ಮಂಡಿನೋವನ್ನೂ ಮರೆತು ಬಗ್ಗಿ, ತಾವೇ ಕೆಳಗಿನ ಸರಳು ಎಳೆದು ಸೀಟನ್ನು ಮುಂದಕ್ಕೆ ತಳ್ಳಿದರು. ಟಕ್. ಇನ್ನೂ ಸ್ವಲ್ಪ. ಟಕ್.

"ಕೂತ್ ನೋಡು. ಸರಿಹೋಯ್ತಾ?"

ಕೂತೆ. ಎರಡೂ ಪಾದ ನೆಲಕ್ಕೆ ಊರಿದವು. "ಸರಿಹೋಯ್ತು ಅತ್ತೆ" ಎಂದು ಬೆಲ್ಟು ಎಳೆದು ಹಾಕಿಕೊಂಡೆ.